ಅತ್ತೆಯ ತೋಳಿನಲ್ಲಿ ಪಾಸಾಗಬೇಕು!

ನಮ್ಮ ಸೋದರತ್ತೆಯಷ್ಟು ಜನರನ್ನು ನಂಬುವ ಜೀವ ಇಡೀ ಕೊಳ್ಳೇಗಾಲ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ. ಬಾಗಿಲಿಗೆ ಬೀಗ ಹಾಕದೆ ಮಾರ್ಕೆಟ್ಟಿಗೆ ಹೋಗುತ್ತಾಳೆ. ಬಸ್‌ಸ್ಟ್ಯಾಂಡಿನಲ್ಲಿ ಗುರುತು ಪರಿಚಯ ಇಲ್ಲದವರ ಕೈಗೆ ಚೀಲ ಕೊಟ್ಟು, "ಒಸಿ ಇಡ್ಕಳಪ್ಪ, ಬಂದೆ" ಅಂತ ಕಾಫಿ ಕುಡಿಯೋಕೆ ಹೋಗುತ್ತಾಳೆ. ಎಲೆಕ್ಷನ್ನಿಗೆ ನಿಂತವರು ಹೇಳಿದ್ದನ್ನೂ ನಂಬುತ್ತಾಳೆ ಅಂದಮೇಲೆ ನೀವೇ ಊಹಿಸಿಕೊಳ್ಳಿ! ಈ ಪ್ರಪಂಚದಲ್ಲಿ ಅವಳಿಗೆ ಅನುಮಾನ ಇರುವುದು ಒಂದೇ ಒಂದು ಜಾತಿಯ ಮೇಲೆ. ಅದು ಸ್ನೋ, ಪೌಡರು, ಕಾಡಿಗೆ, ಲಿಪ್‌ಸ್ಟಿಕ್ಕಿನ ಜಾತಿ.

ಇಂಥವಳ ಅಣ್ಣನ ಮಗಳಾಗಿ ಹುಟ್ಟಿ ನಾನು ಹೊಟ್ಟೆಪಾಡಿಗೆ ಇಟ್ಟಿದ್ದೇನು ಹೇಳಿ? ಫ್ಯಾನ್ಸಿ ಸ್ಟೋರು! ಅದೂ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನ ಹತ್ತಿರವೇ, ಇಡೀ ಊರು ಹಾದುಹೋಗುವ ಜಾಗದಲ್ಲಿ. ಅಂಗಡಿ ಬಾಗಿಲು ತೆಗೆದ ದಿನವೇ ಅತ್ತೆ ಒಂದು ಸ್ಟೂಲು ತಂದು ಗಲ್ಲಾದ ಪಕ್ಕ ಹಾಕಿಕೊಂಡಳು. ಆ ಸ್ಟೂಲು ಇವತ್ತಿಗೂ ಅಲ್ಲೇ ಇದೆ. ನಾನು ಮಾಲೀಕಳು ಅಂತ ಬೋರ್ಡಿನಲ್ಲಿ ಮಾತ್ರ ಬರೆದಿದೆ.

ಅಪ್ಪ ಅಮ್ಮ ಇಬ್ಬರೂ ನಾನು ತೀರಾ ಚಿಕ್ಕವಳಿದ್ದಾಗಲೇ ಹೋದರು. ನನ್ನನ್ನು ಸಾಕಿದ್ದು ಅತ್ತೆ ಮತ್ತು ಮಾವ. ಅವರದು ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಸುಬು. ಊರಿನ ಮಗ್ಗದ ಮನೆಗಳಿಂದ ಹಸಿ ರೇಷ್ಮೆಯ ಲಡಿಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಹಿತ್ತಿಲ ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಬಣ್ಣ ಕುದಿಸಿ, ಲಡಿಗಳನ್ನು ಕೋಲಿಗೆ ನೇತುಹಾಕಿ ಅದ್ದಿ ತಿರುವುತ್ತ ಇಬ್ಬರೂ ದಿನವಿಡೀ ಹೊಗೆಯಲ್ಲಿ ನಿಂತಿರುತ್ತಿದ್ದರು. ಆ ಕಸುಬಿಗೊಂದು ಕಟ್ಟುನಿಟ್ಟಿನ ನಿಯಮ. ಹೊಸ ಬಣ್ಣ ಬಂತೋ, ಮೊದಲು ಒಂದೇ ಒಂದು ಎಳೆ ಅದ್ದಿ, ಒಣಗಿಸಿ, ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡಬೇಕು. ಆಮೇಲೆ ಉಳಿದದ್ದು. ಅವಸರದಲ್ಲಿ ಇಡೀ ಕಟ್ಟು ಅದ್ದಿದರೆ ಯಾರದೋ ಮನೆಯ ಧಾರೆ ಸೀರೆ ಹಾಳಾಗುತ್ತದೆ. ಮಾವ ತೀರಿಕೊಂಡ ಮೇಲೆ ಹಂಡೆ ಒಲೆಯಿಂದ ಕೆಳಗಿಳಿಯಿತು. ನಿಯಮ ಮಾತ್ರ ಇಳಿಯಲಿಲ್ಲ, ನನ್ನ ಅಂಗಡಿಗೆ ಬಂದು ಕೂತಿತು!

ಈಗ ನಮ್ಮ ಅಂಗಡಿಗೆ ಯಾವ ಹೊಸ ಮಾಲು ಬಂದರೂ ಮೊದಲು ಅತ್ತೆಯ ಎಡಗೈ ತೋಳಿನಲ್ಲಿ ಪಾಸಾಗಬೇಕು. ಮೊಣಕೈಯ ಒಳಮಗ್ಗುಲಿನಲ್ಲಿ ಬಾಲ್‌ಪೆನ್ನಿನಿಂದ ಚೌಕ ಚೌಕ ಮನೆ ಬರೆಯುತ್ತಾಳೆ. ಒಂದೊಂದು ಮನೆಗೆ ಒಂದೊಂದು ನಂಬರು. ಬೆಂಕಿಕಡ್ಡಿಯ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸ್ನೋ ಹಚ್ಚಿ ಎರಡು ದಿನ ಕಾಯುತ್ತಾಳೆ. ಕೆಂಪಾಗಲಿಲ್ಲ, ತುರಿಕೆ ಬರಲಿಲ್ಲ ಅಂದರೆ ಪಾಸು. ಆದರೆ ಗಿರಾಕಿ ಕಾಯುತ್ತದೆಯೇ? ಟೀವಿಯಲ್ಲಿ ಬೆಳಿಗ್ಗೆ ಜಾಹೀರಾತು ಬಂದರೆ ಸಂಜೆಗೆ ಹುಡುಗಿಯರು "ಅಕ್ಕಾ ಬಂತಾ?" ಅಂತ ಬಾಗಿಲಲ್ಲಿರುತ್ತಾರೆ. "ಬಂದದೆ ಕಣವ್ವ, ಪರೀಕ್ಷೆ ಬರೀತಾ ಅದೆ, ನಾಡಿದ್ದು ಬಾ" ಅನ್ನುತ್ತಾಳೆ ಅತ್ತೆ, ತೋಳು ತೋರಿಸಿ!

ಒಂದು ಸಲ ಹೀಗೇ ತೋಳಿನ ತುಂಬ ಮನೆ ಬರೆದುಕೊಂಡು ಯಳಂದೂರಿಗೆ ಬಸ್ಸು ಹತ್ತಿದ್ದಾಳೆ. ಪಕ್ಕದಲ್ಲಿ ಕೂತ ಹೆಂಗಸು ಸುಮಾರು ಹೊತ್ತು ನೋಡಿ, ಭಯಭಕ್ತಿಯಿಂದ ಆ ತೋಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳಂತೆ. ಕಂಡಕ್ಟರಿಗೂ ಕುತೂಹಲ.

"ಅಜ್ಜಿ, ಕೈಮ್ಯಾಲ ಯಂತ್ರ ಬರ್ಸ್ಕಂಡಿದ್ದೀರಲ್ಲ, ಯಾವ ದೇವ್ರದು?"

"ಒಂದ್ನೆ ಮನೆ ಸ್ನೋ ಕಣಪ್ಪ. ಎಲ್ಡ್ನೆ ಮನೆ ಪೌಡ್ರು. ಮೂರ್ನೆ ಮನೆ ತುಟಿಗ ಬಳಿಯೋ ಬಣ್ಣ. ನಾಕ್ನೆದು ಯಾಕೋ ಉರೀತಾ ಅದೆ."

ಕಂಡಕ್ಟರು ಹೆಂಗಸರ ಫ್ರೀ ಟಿಕೆಟ್ಟು ಹರಿದು ಕೊಟ್ಟು ಮುಂದಿನ ಬಾಗಿಲಿಗೆ ಹೋದವನು ಯಳಂದೂರು ಬರುವವರೆಗೂ ಹಿಂದಕ್ಕೆ ತಲೆ ಹಾಕಲಿಲ್ಲ.

ನಾನೇ ಒಮ್ಮೆ ಕೇಳಿದ್ದೆ, "ಅಲ್ಲ ಅತ್ತೆ, ನಿನ್ನ ತೋಳೇ ಯಾಕೆ? ಆ ಪಕ್ಕದ ಮನೆ ಎಮ್ಮೆ ಕಿವಿಗೆ ಹಚ್ಚಿ ನೋಡು." ಅವಳಿಗೆ ಸಿಟ್ಟೇ ಬಂತು. "ಪಾಪ, ಅದ್ಕ ಬಾಯಿ ಅದ್ದಾ? ಉರೀತದೆ ಅಂತ ಅದು ಎಂಗ ಯೋಳ್ಬೇಕು?" ಆ ಸಂಜೆ ಎಮ್ಮೆಗೆ ಎರಡು ಬಾಳೆಹಣ್ಣು ಕೊಟ್ಟು ಬಂದಳು, ನಾನು ಆಡಿದ ಮಾತಿಗೆ ಪ್ರಾಯಶ್ಚಿತ್ತ!

ಅವಳ ಓದು ಏಳನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಅರವತ್ತು ದಾಟಿದ ಮೇಲೆ, ಡಬ್ಬಿಯ ಹಿಂದೆ ಬರೆದಿರುವುದನ್ನು ಓದುವುದಕ್ಕಾಗಿ. ಆ ಅಕ್ಷರಗಳೋ ಇರುವೆಯ ಮರಿಗಳು! ಅದಕ್ಕೆ ಅವಳ ಹತ್ತಿರ ಮಾವನ ಭೂತಗನ್ನಡಿ ಇದೆ, ಸೀರೆಯ ಎಳೆ ಎಣಿಸುತ್ತಿದ್ದದ್ದು. ಅದನ್ನು ಡಬ್ಬಿಯ ಮೇಲಿಟ್ಟು ಒಂದೊಂದೇ ಅಕ್ಷರ ಕೂಡಿಸಿ, ಮೊಬೈಲಿಗೆ ಒತ್ತಿ, ಅದು ಏನು, ಎತ್ತ, ಯಾರಿಗೆ ಆಗದು ಅಂತ ವಿಚಾರಿಸುತ್ತಾಳೆ. ನನ್ನ ಮದುವೆಗೆ ಬಂದ ಗಂಡುಗಳ ಬಗ್ಗೆಯೂ ಅಷ್ಟು ವಿಚಾರಣೆ ನಡೆದಿರಲಿಲ್ಲ.

ಮಾಲು ತರುವ ಏಜೆಂಟರಿಗಂತೂ ಅವಳೆಂದರೆ ನಡುಕ. ಒಬ್ಬ ಹೊಸಬ ಬಂದ. ಶರಟಿಗೆ ಇಸ್ತ್ರಿ, ತಲೆಗೆ ಜೆಲ್ಲು, ಬಾಯಲ್ಲಿ ಜೇನು.

"ಕೆಮಿಕಲ್ ಅನ್ನೋ ಮಾತೇ ಇಲ್ಲ ಅಮ್ಮಾ. ನೂರಕ್ಕೆ ನೂರು ನ್ಯಾಚುರಲ್ಲು!"

"ಕಳ್ಳಿಹಾಲೂ ನ್ಯಾಚುರಲ್ಲೇ ಕಣಪ್ಪ. ಬೇಲಿ ತಾವ ಬೆಳ್ದದೆ, ಮುರ್ಕಬರ್ಲಾ? ಮೊಕಕ ಎಲ್ಡು ತೊಟ್ಟು ಬುಟ್ಕತೀಯಾ?"

ಏಜೆಂಟು ತೆಗೆದಿಟ್ಟಿದ್ದ ಡಬ್ಬಿಯನ್ನು ಮೆಲ್ಲಗೆ ಬ್ಯಾಗಿನ ಕಡೆ ಎಳೆದುಕೊಂಡ.

"ಉಪ್ಪೂ ಕೆಮಿಕಲ್ಲೇ, ನೀರೂ ಕೆಮಿಕಲ್ಲೇ. ಎಸ್ರು ಕಟ್ಕಂಡು ನನ್ಗೇನಾಗ್ಬೇಕು? ಎಷ್ಟು ಆಕವ್ರೆ, ಮೈಮ್ಯಾಲ ಎಷ್ಟೊತ್ತು ಕೂತ್ಕತದೆ, ಕಣ್ಣು ಬಾಯಿ ಒಳಕ್ಕ ಓಯ್ತದಾ? ಅದ ಯೋಳು. ಸೋಪು ಅನ್ನಾದು ಬಂದೋಗೋ ನೆಂಟ, ತೊಳುದ್ರ ಓಯ್ತು. ಕ್ರೀಮು ಮನೆ ಅಳಿಯ. ಮನೆ ಅಳಿಯನ್ನ ಇಚಾರ್ಸ್ದೆ ಒಳಕ್ಕ ಬುಟ್ಕಳಕಾದದಾ?"

ಅವನು ಬೆವರು ಒರೆಸಿಕೊಂಡು, "ಸಾರ್... ಅಲ್ಲ, ಅಮ್ಮಾ, ನಾನು ಬರೀ ಆರ್ಡರ್ ತಗೊಳ್ಳೋನು" ಅಂದ. ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದಳು. ಜೊತೆಗೆ ಅವನ ಜೆಲ್ಲಿನ ಹೆಸರನ್ನೂ ಬರೆದುಕೊಂಡಳು.

ಹಾಗಂತ ಅವಳು ತಪ್ಪೇ ಮಾಡುವುದಿಲ್ಲ ಅಂದುಕೊಳ್ಳಬೇಡಿ. ಶುರುವಿನಲ್ಲಿ ಲಿಪ್‌ಸ್ಟಿಕ್ಕುಗಳನ್ನು ಹಳೇ ಕಸುಬಿನ ರೂಢಿಯಲ್ಲೇ ಪರೀಕ್ಷೆ ಮಾಡುತ್ತಿದ್ದಳು. ಬಿಳಿ ರೇಷ್ಮೆಯ ತುಂಡಿಗೆ ಬಳಿಯುವುದು, ಸೀಗೆಪುಡಿ ಹಾಕಿ ತಿಕ್ಕುವುದು. ಎಷ್ಟು ತಿಕ್ಕಿದರೂ ಬಿಡದ ಬಣ್ಣಕ್ಕೆ ನೂರಕ್ಕೆ ನೂರು! ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಮ್ಮೊಬ್ಬರಿಗೆ ತಾನೇ ಎದ್ದುಹೋಗಿ ಅಂಥದ್ದೊಂದನ್ನು ಆರಿಸಿಕೊಟ್ಟಳು. ಮೇಡಮ್ಮು ಸಂಜೆ ಯಾರದೋ ರಿಸೆಪ್ಷನ್ನಿಗೆ ಹಾಕಿಕೊಂಡು ಹೋದರು. ಮಾರನೆಯ ಬೆಳಿಗ್ಗೆ ಅವರ ಮನೆಯಲ್ಲಿ ಮಾವನವರ ತಿಥಿ. ಬೆಳಗಿನ ಏಳಕ್ಕೆ ಕರ್ಚೀಫು ಬಾಯಿಗೆ ಅಡ್ಡ ಹಿಡಿದು ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದರು. ಕರ್ಚೀಫು ಸರಿಸಿದರೆ ತುಟಿ ಕೆಂಪಗೆ ಕಾಗೆ ಓಡಿಸುವಂತಿದೆ! ತಿಥಿಯ ದಿನ ಕಾಗೆಯೇ ಓಡಿಹೋದರೆ ಗತಿಯೇನು?

ಅತ್ತೆ ಭೂತಗನ್ನಡಿ ಹಿಡಿದು ನೋಡಿ, "ಆಹಾ, ಎಂಥ ಗಟ್ಟಿ ಬಣ್ಣ ನೋಡು ಮಗಾ!" ಅಂತ ನನಗೆ ತೋರಿಸಿದಳು. ಆಮೇಲೆ ಮೇಡಮ್ಮಿನ ಮುಖ ನೋಡಿದಳು. ನಿಧಾನವಾಗಿ ಅವಳ ಮುಖದ ಹೆಮ್ಮೆ ಇಳಿಯಿತು. ಕೊಬ್ಬರಿ ಎಣ್ಣೆ, ಹತ್ತಿ ತಗೊಂಡು ಅರ್ಧ ಗಂಟೆ ಕೂತು ಒರೆಸಿದಳು. ಅವತ್ತಿನಿಂದ ನಿಯಮ ತಿದ್ದುಪಡಿಯಾಯಿತು. ರೇಷ್ಮೆಗೆ ಹಿಡಿದು ಕೂರುವ ಬಣ್ಣ ಒಳ್ಳೆಯದು, ಮೈಗೆ ಬಿಟ್ಟುಹೋಗುವ ಬಣ್ಣ ಒಳ್ಳೆಯದು.

ಇನ್ನೊಂದು ಸಲ ಸತತವಾಗಿ ನಾಲ್ಕು ಕ್ರೀಮು ಫೇಲು. ಮನೆಮನೆಯೂ ಕೆಂಪು. ಏಜೆಂಟನಿಗೆ ಫೋನು ಮಾಡಿ ಹಿಗ್ಗಾಮುಗ್ಗಾ ಬೈದಳು. ಆಮೇಲೆ ಕೂತು ನೋಡುತ್ತಾಳೆ, ಕೆಂಪಾಗಿರುವುದು ಮನೆಯ ಒಳಗಲ್ಲ, ಗೋಡೆ! ಗೆರೆ ಎಳೆದಲ್ಲೆಲ್ಲ ದದ್ದು. ಆ ವಾರ ನೀಲಿ ಪೆನ್ನು ಮುಗಿದು ಕೆಂಪು ಪೆನ್ನಿನಲ್ಲಿ ಬರೆದಿದ್ದಳು, ಅದರ ಇಂಕು ಅವಳ ಮೈಗೆ ಆಗುತ್ತಿರಲಿಲ್ಲ. ನಾನು ನಕ್ಕೂ ನಕ್ಕೂ ಗಲ್ಲಾದ ಮೇಲೆ ಬಿದ್ದೆ. ಅವಳು ನಗಲಿಲ್ಲ. ಏಜೆಂಟನನ್ನು ಕರೆಸಿ, ಕೂರಿಸಿ, "ತೆಪ್ಪಾಯ್ತು ಕಣಪ್ಪ, ನಿನ್ನ ಮಾಲ್ನಲ್ಲಿ ಏನೂ ಇಲ್ಲ" ಅಂತ ಕಾಫಿ ಕೊಟ್ಟಳು. ಅವತ್ತಿನಿಂದ ತೋಳಿನ ಮೇಲೆ ಏನೂ ಹಚ್ಚದ ಒಂದು ಖಾಲಿ ಮನೆಯೂ ಇರುತ್ತದೆ. ಖಾಲಿ ಮನೆ ಕೆಂಪಾದರೆ ತಪ್ಪು ಪೆನ್ನಿನದು, ಕ್ರೀಮಿನದಲ್ಲ. ಇದನ್ನು ಅವಳಿಗೆ ಯಾವ ಕಾಲೇಜೂ ಹೇಳಿಕೊಡಲಿಲ್ಲ.

ಇಷ್ಟೆಲ್ಲ ಯಾಕೆ ಅಂತ ಕೇಳುತ್ತೀರಾ? ಅದಕ್ಕೆ ಕಾರಣ ನಾನೇ. ನನಗೆ ಹದಿನಾರಿದ್ದಾಗ, ಮನೆಮನೆಗೆ ತಂದು ಮಾರುವವಳ ಹತ್ತಿರ ಹೆಸರೂ ಇಲ್ಲದ, ಚೀಟಿಯೂ ಇಲ್ಲದ ಒಂದು ಡಬ್ಬಿ ಕೊಂಡಿದ್ದೆ. ಒಂದೇ ವಾರದಲ್ಲಿ ಬೆಳ್ಳಗಾಗುತ್ತೀಯ ಅಂದಿದ್ದಳು. ಅತ್ತೆ ಹಿತ್ತಿಲಿನಲ್ಲಿ ಲಡಿ ಅದ್ದುತ್ತಿದ್ದಾಗ ನಾನು ಒಳಗೆ ಕನ್ನಡಿಯ ಮುಂದೆ ಬಳಿದುಕೊಳ್ಳುತ್ತಿದ್ದೆ. ವಾರದಲ್ಲಿ ಬೆಳ್ಳಗಾದದ್ದು ನಿಜ. ಮೂರನೇ ವಾರಕ್ಕೆ ಮುಖ ಸುಟ್ಟು ಸಿಪ್ಪೆ ಸುಲಿಯಿತು. ಮೂರು ತಿಂಗಳು ದುಪಟ್ಟಾ ಸುತ್ತಿಕೊಂಡು ಸ್ಕೂಲಿಗೆ ಹೋದೆ. ಎಡಗೆನ್ನೆಯಲ್ಲಿ ಒಂದು ಕಪ್ಪು ಮಚ್ಚೆ ಉಳಿದೇಹೋಯಿತು. ಅತ್ತೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. "ನೂಲ್ಗ ನೋಡ್ದೋಳು ಮಗಿಗ ನೋಡ್ನಿಲ್ವಲ್ಲಾ" ಅಂತ ಒಲೆಯ ಮುಂದೆ ಕೂತು ತನ್ನನ್ನೇ ಬೈದುಕೊಂಡಳು.

ಆ ಮಚ್ಚೆ ನೋಡಿ ಹಿಂದಕ್ಕೆ ಹೋದ ಗಂಡುಗಳು ಎಷ್ಟೋ. ನನಗೆ ಮೂವತ್ತನಾಲ್ಕಾಯಿತು. ಇನ್ನು ಅಂಗಡಿಯೇ ನನ್ನ ಗಂಡ ಅಂದುಕೊಂಡಿದ್ದೆ. ಅಷ್ಟರಲ್ಲಿ ಯಳಂದೂರಿನಿಂದ ಒಂದು ಸಂಬಂಧ ಬಂತು. ಹುಡುಗ ಹನೂರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಅಲ್ಲೇ ರೂಮು ಮಾಡಿಕೊಂಡಿದ್ದಾರೆ. ಮನೆಯಲ್ಲಿ ತಾಯಿ ಒಬ್ಬರೇ. ವಯಸ್ಸು ಮೂವತ್ತೇಳು. ನೋಡಲು ಬಂದರು. ಕೇಸರಿಬಾತು, ಉಪ್ಪಿಟ್ಟು ಆಯಿತು. ಹುಡುಗನ ತಾಯಿ ನನ್ನ ಕೆನ್ನೆಯನ್ನು ಸೀರೆಯ ಸೆರಗು ನೋಡುವ ಹಾಗೆ ನೋಡಿದರು.

"ಹುಡ್ಗಿ ಲಕ್ಷಣವಾಗವ್ಳೆ. ಮದುವೆ ಒತ್ತಿಗೆ ಏನಾರ ಹಚ್ಚಿ ಒಸಿ ಬಣ್ಣ ಬರ್ಸಿ ಕಣ್ರಿ."

"ಬಣ್ಣ ಆಕಾದು ನಮ್ಮ ಕಸುಬೇ ಕಣವ್ವ" ಅಂದಳು ಅತ್ತೆ, ತಣ್ಣಗೆ. "ಈ ನೂಲ್ಗ ಬಣ್ಣ ಬೇಕಾಗಿಲ್ಲ."

ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಅಲ್ಲಿಗೇ ನಿಲ್ಲಿಸಬಾರದಿತ್ತೇ? ಅತ್ತೆ ಹುಡುಗನ ತಲೆಯ ಮೇಲೆ ಕಣ್ಣು ನೆಟ್ಟು ಕೂತಿದ್ದಾಳೆ. ನಲವತ್ತು ವರ್ಷ ಬಣ್ಣ ನೋಡಿದ ಕಣ್ಣು! ನಾನು ಅವಳ ಕಾಲು ತುಳಿದೆ, ಕೆಮ್ಮಿದೆ. ಆಗಲಿಲ್ಲ.

"ಮೇಷ್ಟ್ರೇ, ಕರಿ ಚೆನ್ನಾಗಿ ಕೂತದೆ. ಯಾವ ಕಂಪನಿದು?"

ಹುಡುಗನ ತಾಯಿ ಕಾಫಿ ಲೋಟ ಟಪ್ಪನೆ ಇಟ್ಟರು. "ಏನ್ರೀ ಅಂಗಂದ್ರೆ? ನಮ್ಮ ಹುಡ್ಗಂದು ಹುಟ್ಟುಗೂದ್ಲು!" ಹುಡುಗ ಮಾತ್ರ ಹೊಟ್ಟೆ ಹಿಡಿದುಕೊಂಡು ನಗೋಕೆ ಶುರು ಮಾಡಿದರು. "ಅವ್ವಾ, ಬುಡವ್ವ. ಸಿಕ್ಕಾಕಂಡೊ! ಇಪ್ಪತ್ತೇಳಕ್ಕೇ ಬೆಳ್ಳಗಾಯ್ತು ಅಮ್ಮಾ, ಹತ್ತು ವರ್ಷದಿಂದ ಹಚ್ತಾ ಇದ್ದೀನಿ." ಆ ನಗು ನೋಡಿ ನಾನು ಅಲ್ಲೇ ಒಪ್ಪಿಕೊಂಡೆ. ಅವರು ನನ್ನ ಮಚ್ಚೆ ನೋಡಿ ಏನೂ ಕೇಳಲಿಲ್ಲ, ನಾನು ಅವರ ನರೆ ಕೇಳಲಿಲ್ಲ. ಮದುವೆ ಗೊತ್ತಾಯಿತು.

ಆದರೆ ಅವರ ತಾಯಿಗೆ ಆ ಮಾತು ಮುಳ್ಳಾಗಿ ನಾಟಿತ್ತು. ಮದುವೆಗೆ ಎರಡು ವಾರ ಇರುವಾಗ ಅಂಗಡಿಗೇ ಬಂದು, "ಯಾರಿಗೂ ಗೊತ್ತಾಗ್ದಿರಂಥ ಕಡುಗಪ್ಪು ಕೊಡವ್ವ" ಅಂತ ನನ್ನ ಕೈಯಿಂದಲೇ ಹೊಸ ಹೇರ್ ಡೈ ತಗೊಂಡರು. ಅತ್ತೆ ಸ್ಟೂಲಿನಿಂದ ಎದ್ದು ಬಂದಳು.

"ಬೀಗಿತ್ತಿ, ಅಚ್ಚಾಕ ಎಲ್ಡು ದಿನ ಮುಂಚ್ಗ ಹುಡ್ಗನ ಕಿವಿ ಇಂದ ಒಂದ್ಚೂರು ಅಚ್ಚಿ ನೋಡ್ಬೇಕು ಕಣವ್ವ. ಇದ್ರ ಮ್ಯಾಲೇ ಬರ್ದವ್ರೆ, ನೋಡು." ಭೂತಗನ್ನಡಿ ಹಿಡಿದಳು. ನಿಜವಾಗಿಯೂ ಬರೆದಿತ್ತು, ನಲವತ್ತೆಂಟು ಗಂಟೆ ಮೊದಲು ಪರೀಕ್ಷಿಸಿ ಅಂತ. ಇಷ್ಟು ವರ್ಷ ಮಾರಿದ ನಾನೇ ಓದಿರಲಿಲ್ಲ!

"ನಿಮ್ಮ ಕೈಮ್ಯಾಲ ನೋಡಿದ್ದೀರಲ್ಲ, ಪಾಸಾಗಿಲ್ವಾ?"

"ನನ್ನ ತೋಳು ಸೈ ಅಂದದೆ. ನನ್ನ ತೋಳು ನಿನ್ನ ಮಗನ ತಲೆ ಆದದಾ? ಒಬ್ರಿಗ ಆಗಿದ್ದು ಒಬ್ರಿಗ ಆಗಲ್ಲ."

ಬೀಗಿತ್ತಿಯ ಮುಖ ಕೆಂಪೇರಿತು. "ಪರೀಕ್ಷೆ ಮಾಡಾಕೆ ಅವನೇನು ನಿಮ್ಮ ರೇಷ್ಮೆ ಲಡಿನಾ? ಅವತ್ತು ಮಾನ ಕಳುದ್ರಿ, ಸಹಿಸ್ಕಂಡೆ. ಇನ್ನೊಂದ್ಸಲ ನನ್ನ ಮಗನ ಕೂದ್ಲು ಮಾತೆತ್ತಿದ್ರೆ ಈ ಸಂಬಂಧನೇ ಬ್ಯಾಡ. ಚಪ್ಪರ ಬಿಚ್ಚಾಕ್ಬುಡಿ!" ಪೊಟ್ಟಣ ಚೀಲಕ್ಕೆ ಹಾಕಿಕೊಂಡು ದುರದುರ ಹೊರಟುಹೋದರು.

ನನಗೆ ಎಲ್ಲಿತ್ತೋ ಸಿಟ್ಟು. "ಸಮಾಧಾನ ಆಯ್ತಾ ನಿನಗೆ? ಹೋದವರೆಲ್ಲ ಹೋಗಿ ಇದೊಂದು ಕೂಡಿಬಂದಿತ್ತು. ಇದನ್ನೂ ನೀನೇ ಮುರಿ! ನಿನ್ನ ಹಾಗೆ ನಾನೂ ಒಂಟಿಯಾಗಿ ಸ್ಟೂಲಿನ ಮೇಲೆ ಕೂತಿರಬೇಕಾ?" ಅಂದುಬಿಟ್ಟೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ. ಆಡಿದ ಮಾತು ವಾಪಸ್ಸು ಬರುತ್ತದೆಯೇ? ಅತ್ತೆ ಸ್ಟೂಲು ಸರಿಸಿಟ್ಟು ಅಂಗಡಿ ಬಾಗಿಲು ಎಳೆದಳು. ರಾತ್ರಿ ಊಟ ಬಡಿಸಿದಳು, ಮುದ್ದೆಯ ಮೇಲೆ ಎಂದಿನಂತೆ ತುಪ್ಪವನ್ನೂ ಹಾಕಿದಳು.

ಆಮೇಲೆ ಒಂದು ವಾರ ಡೈಯ ಮಾತೇ ಎತ್ತಲಿಲ್ಲ. ಮದುವೆ ಭಾನುವಾರ. ಅದಕ್ಕೆ ಮುಂಚಿನ ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಸ್ಟೂಲು ಖಾಲಿ! ಸಂಜೆ ಬಂದಳು. ಎಲ್ಲಿಗೆ ಹೋಗಿದ್ದೆ ಅಂದರೆ, "ಇಲ್ಲೇ, ಗಾಳಿ ಕುಡಿಯಾಕ." ಗಾಳಿ ಕುಡಿಯಲು ಹನೂರಿಗೆ ಹೋಗಿದ್ದಳು ಅಂತ ನನಗೆ ಗೊತ್ತಾದದ್ದು ಆಮೇಲೆ.

ಹನೂರಿನಲ್ಲಿ ನಡೆದದ್ದು ಇಷ್ಟು. ಇಂಟರ್‌ವಲ್ ಬೆಲ್ಲು ಹೊಡೆದಿದೆ. ಸ್ಟಾಫ್‌ರೂಮಿನ ಬಾಗಿಲಲ್ಲಿ ಅತ್ತೆ ಚೀಲ ಹಿಡಿದು ನಿಂತಿದ್ದಾಳೆ. "ಮೇಷ್ಟ್ರೇ, ಒಸಿ ಕಿವಿ ಕೊಡಿ." ಏನೋ ಗುಟ್ಟಿರಬೇಕು ಅಂತ ಅವರು ಬಗ್ಗಿದರೆ, ಇವಳು ಕಿವಿಯನ್ನೇ ಹಿಡಿದು ಮಡಚಿ, ಹಿಂದೆ ನೀಲಿ ಪೆನ್ನಿನಲ್ಲಿ ಚೌಕ ಬರೆದಳಂತೆ! ಕನ್ನಡ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಹೆಡ್‌ಮೇಷ್ಟ್ರು ಎಲ್ಲ ಟೀ ಲೋಟ ಹಿಡಿದು ನೋಡುತ್ತಿದ್ದಾರೆ. ಕಿಟಕಿಯಲ್ಲಿ ಮಕ್ಕಳ ತಲೆಯ ಸಾಲು.

"ಅಮ್ಮಾ, ಹತ್ತು ವರ್ಷದಿಂದ ಹಚ್ತಿದ್ದೀನಿ, ಏನೂ ಆಗಿಲ್ಲ" ಅಂದರಂತೆ ನಮ್ಮವರು.

"ನಾನು ಇಪ್ಪತ್ತು ವರ್ಷ ಒಂದೇ ಬಣ್ಣಕ್ಕ ಕೈ ಅದ್ದಿದೆ ಕಣಪ್ಪ, ಏನೂ ಆಗ್ನಿಲ್ಲ. ಇಪ್ಪತ್ತೊಂದ್ನೆ ವರ್ಷ ಅದೇ ಬಣ್ಣಕ್ಕ ಕೈಯೆಲ್ಲ ಒಡೀತು. ಮೈಯಿ ಯಾವತ್ತು ಮುನಿಸ್ಕತದೆ ಅಂತ ಯಾರ್ ಕಂಡವ್ರೆ? ಎಲ್ಡು ದಿನ ಅಲ್ಲಿಗೆ ನೀರು ತಾಕುಸ್ಬ್ಯಾಡಿ. ನಿಮ್ಮವ್ವಂಗ ಯೋಳ್ಬ್ಯಾಡಿ. ನಮ್ಮುಡ್ಗಿಗೂ ಯೋಳ್ಬ್ಯಾಡಿ, ಬೈತಾಳೆ."

ನಮ್ಮ ಅಂಗಡಿಯಿಂದಲೇ ಕದ್ದೊಯ್ದ ಅದೇ ಡೈಯನ್ನು ಬೆಂಕಿಕಡ್ಡಿಯ ತುದಿಯಲ್ಲಿ ಹಚ್ಚಿ, ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ಸ್ಕೂಲಿನಲ್ಲೆಲ್ಲ ಗಣಿತದ ಮೇಷ್ಟ್ರಿಗೆ ದೃಷ್ಟಿಬೊಟ್ಟು ಇಟ್ಟರು ಅಂತ ಸುದ್ದಿಯಾಯಿತು.

ಬುಧವಾರ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಮೇಷ್ಟ್ರು. "ನಿಮ್ಮತ್ತೆ ಎಲ್ಲಿದ್ದಾರೆ? ಕೊಡಿ ಮೊದಲು." ಕೊಟ್ಟೆ. ಅತ್ತೆ ಕೇಳಿಸಿಕೊಂಡಳು. "ಊಂ. ಊಂ. ತುರುಸ್ಬ್ಯಾಡಿ. ಡಾಕ್ಟ್ರ ತಾವ ಬನ್ನಿ, ನಾನೂ ಬತ್ತೀನಿ" ಅಂದಳು. ನನಗೆ ತಲೆಬುಡ ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ನೋಡುತ್ತೇನೆ, ಮೇಷ್ಟ್ರ ಎಡಗಿವಿ ಎಣ್ಣೆಯಲ್ಲಿ ಬಿಟ್ಟ ಪೂರಿಯ ಹಾಗೆ ಉಬ್ಬಿದೆ! ಕಿವಿಯ ಹಿಂದೆ ಕತ್ತಿನವರೆಗೂ ಕೆಂಪು, ಸಣ್ಣ ಸಣ್ಣ ನೀರುಗುಳ್ಳೆ.

ಡಾಕ್ಟರು ಕಿವಿ ನೋಡಿದರು, ಪೊಟ್ಟಣ ನೋಡಿದರು. "ಡೈನಲ್ಲಿರೋ ಕಪ್ಪು ಬಣ್ಣದ ಕೆಮಿಕಲ್ಲು ಇವರ ಮೈಗೆ ಆಗದ ಹಾಗೆ ಆಗಿಬಿಟ್ಟಿದೆ. ವರ್ಷಗಟ್ಟಲೆ ಆಗಿ ಒಂದು ದಿನ ಆಗದೆ ಹೋಗೋದುಂಟು. ಕಡ್ಡಿ ತುದಿಯಷ್ಟಕ್ಕೇ ಹೀಗಾದರೆ ಇಡೀ ತಲೆಗೆ, ಮೀಸೆಗೆ ಹಚ್ಚಿದ್ದರೆ ಮುಖ ಊದಿ ಕಣ್ಣು ಮುಚ್ಚಿಹೋಗುತ್ತಿತ್ತು. ಉಸಿರಿಗೆ ತೊಂದರೆಯಾಗಿ ಆಸ್ಪತ್ರೆಗೆ ಸೇರಿಸಬೇಕಾಗುತ್ತಿತ್ತೋ ಏನೋ. ಇನ್ನು ಜನ್ಮದಲ್ಲಿ ಇದನ್ನು ಮುಟ್ಟಬೇಡಿ. ಅಂದಹಾಗೆ ಈ ಪರೀಕ್ಷೆ ಮಾಡಿದ್ದು ಯಾರು?"

ಮೇಷ್ಟ್ರು ಅತ್ತೆಯನ್ನು ತೋರಿಸಿದರು. ಡಾಕ್ಟರು ಎದ್ದು ನಿಂತು ಕೈಮುಗಿದರು ಕಣ್ರಿ! ಡಾಕ್ಟರು, ಎದ್ದು ನಿಂತು! "ಇಷ್ಟು ವರ್ಷದಲ್ಲಿ ಆ ಪೊಟ್ಟಣದ ಮೇಲಿನ ಸೂಚನೆ ಓದಿದವರು ನೀವೇ ಮೊದಲು ಅಮ್ಮಾ." ಅತ್ತೆ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿದ್ದ ಗತ್ತು! ದಸರಾ ಅಂಬಾರಿಯ ಆನೆಗೂ ಅಷ್ಟು ಗತ್ತು ಇರುವುದಿಲ್ಲ.

ಗುರುವಾರ ಬೆಳಿಗ್ಗೆ ಬೀಗಿತ್ತಿ ಬಂದರು. ಸಂಬಂಧ ಮುರಿಯೋಕೇ ಬಂದರು ಅಂದುಕೊಂಡು ನಾನು ಬಾಗಿಲಲ್ಲೇ ನಿಂತೆ. ಅವರು ಸೀದಾ ಒಳಗೆ ಬಂದು ಅತ್ತೆಯ ಎರಡೂ ಕೈ ಹಿಡಿದುಕೊಂಡರು. "ನನ್ನ ಕೈಯಾರ ನನ್ನ ಮಗನ ಮೊಕ ಸುಟ್ಟಾಕ್ತಿದ್ದೆ ಕಣಕ್ಕ" ಅಂತ ಅತ್ತರು. ಅತ್ತೆ ಸಮಾಧಾನ ಮಾಡಿ ಕಾಫಿ ಕೊಟ್ಟಳು. ಕಾಫಿ ಕುಡಿದು, ಆಚೀಚೆ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬೀಗಿತ್ತಿ ಸೆರಗು ಸರಿಸಿ ತಮ್ಮ ಕಿವಿ ಮುಂದೆ ಮಾಡಿದರು.

"ನಾನೂ ಹಚ್ಕತೀನಿ ಕಣಕ್ಕ, ಹದಿನೈದು ವರ್ಷಾತು. ನನ್ಗೂ ಒಂದು ಮನೆ ಬರುದ್ಬುಡು!"

ಬೀಗಿತ್ತಿ ಹೋದಮೇಲೆ ಒಳಗೆ ಹೋಗಿ ಅತ್ತೆಯ ಕಾಲು ಹಿಡಿದೆ. ಅಂಗಡಿಯಲ್ಲಿ ಹಾಗೆ ಬೈದೆನಲ್ಲ, ಕ್ಷಮಿಸು ಅಂದೆ. "ಯಾವತ್ತು ಬೈದೆ? ನನ್ಗ ಗ್ಯಾಪ್ಕನೇ ಇಲ್ಲ ಬುಡು" ಅಂದಳು. ನೆನಪಿತ್ತು. ನನಗೆ ಗೊತ್ತು.

ಮದುವೆ ಹೂವೆತ್ತಿದ ಹಾಗೆ ನಡೆಯಿತು. ಹಳೇ ಬಣ್ಣದ ಕೂದಲು ಕತ್ತರಿಸಿಕೊಂಡು ಬಂದ, ಅರ್ಧ ನರೆತ ತಲೆಯ ಮದುವಣಿಗ, ಕೆನ್ನೆಯಲ್ಲಿ ಮಚ್ಚೆ ಇರುವ ಮದುವಣಗಿತ್ತಿ, ಇಬ್ಬರಿಗೂ ಒಂದು ಚೂರು ಬಣ್ಣವಿಲ್ಲ! ಹನೂರಿನ ಮೇಷ್ಟ್ರುಗಳೆಲ್ಲ ಅತ್ತೆಯ ಸುತ್ತ ನೆರೆದಿದ್ದರು. ಹೆಡ್‌ಮೇಷ್ಟ್ರಂತೂ ಜೇಬಿನಿಂದ ತಮ್ಮ ಡೈ ಪೊಟ್ಟಣ ತೆಗೆದು ಭೂತಗನ್ನಡಿಯ ಕೆಳಗೆ ಇಟ್ಟರು. ಆದರೆ ನಾನು ಹೇಳಬೇಕಾದದ್ದು ಅದಕ್ಕೂ ಹಿಂದಿನ ದಿನದ ಮಾತು.

ಶನಿವಾರ ಬೆಳಿಗ್ಗೆ ಅರಿಶಿನ ಹಚ್ಚುವ ಶಾಸ್ತ್ರ. ನನ್ನನ್ನು ಹಸೆಮಣೆಯ ಮೇಲೆ ಕೂರಿಸಿದರು. ಬೀಗಿತ್ತಿ, ಅಕ್ಕಪಕ್ಕದ ಮನೆಯವರು, ಎಲ್ಲ ಸೇರಿದ್ದಾರೆ. ಅತ್ತೆ ಮಾತ್ರ ಅಡುಗೆಮನೆಯ ಬಾಗಿಲಿನ ಹಿಂದೆ. ಗಂಡ ಸತ್ತವಳು ಮದುಮಗಳಿಗೆ ಅರಿಶಿನ ಮುಟ್ಟಿಸಬಾರದಂತೆ. ಯಾರೂ ಅವಳಿಗೆ ಹೇಳಿರಲಿಲ್ಲ, ತಾನೇ ಹಿಂದೆ ಸರಿದು ನಿಂತಿದ್ದಳು. ಆ ಅರಿಶಿನದ ಕೊಂಬು ತಂದವಳು ಅವಳು. ಅಂಗಡಿಯ ಪುಡಿಗೆ ಏನೇನೋ ಹಳದಿ ಬೆರೆಸುತ್ತಾರೆ ಅಂತ ಮನೆಯಲ್ಲೇ ಕುಟ್ಟಿ ಸೋಸಿದವಳೂ ಅವಳೇ. ಬಾಗಿಲ ಸಂದಿಯಿಂದ ಅವಳ ಎಡಗೈ ಕಾಣುತ್ತಿತ್ತು. ತೋಳಿನ ಮೇಲೆ ನೀಲಿ ಗೆರೆಯ ಒಂದು ಮನೆ, ಒಳಗೆ ಹಳದಿ.

ಜೋರಾಗಿಯೇ ಕೂಗಿದೆ. "ಅತ್ತೆ, ಬಾ ಇಲ್ಲಿ! ಈ ಮದುವೆ ಅರಿಶಿನ ಎರಡು ದಿನದ ಹಿಂದೆಯೇ ನಿನ್ನ ಮೈಮೇಲೆ ಏರಿದೆ. ಈಗ ಬಾಗಿಲ ಹಿಂದೆ ನಿಂತು ಯಾವ ಶಾಸ್ತ್ರ ಮಾಡ್ತಾ ಇದ್ದೀಯಾ? ನೀನು ಹಚ್ಚದೆ ಇನ್ನೊಬ್ಬರು ನನ್ನ ಮುಟ್ಟೋ ಹಾಗಿಲ್ಲ!"

"ಬ್ಯಾಡ ಕಣ್ ಮಗಾ, ನಾನು ಮುಟ್ಬಾರ್ದು..."

ಯಾರೋ ಏನೋ ಗೊಣಗಿದರು. ಬೀಗಿತ್ತಿ ಎದ್ದು ಹೋಗಿ, ಅತ್ತೆಯ ರಟ್ಟೆ ಹಿಡಿದು ಕರೆದುಕೊಂಡು ಬಂದು ನನ್ನ ಮುಂದೆ ಕೂರಿಸಿದರು. ಅತ್ತೆ ಬಟ್ಟಲಿನಲ್ಲಿ ಬೆರಳು ಅದ್ದಿದಳು. ನಲವತ್ತು ವರ್ಷ ಬಣ್ಣದ ನೀರಿನಲ್ಲಿ ಅದ್ದಿ ಅದ್ದಿ, ಒಡೆದು ಒರಟಾದ ಆ ಕೈ ನನ್ನ ಎರಡೂ ಕೆನ್ನೆಯ ಮೇಲೆ ಬಂತು. ನನ್ನ ಕಣ್ಣಿಂದ ನೀರು ದಳದಳ ಇಳಿಯಿತು, ತಡೆಯಲಾಗಲಿಲ್ಲ.

ಅವಳ ಕೈ ಗಕ್ಕನೆ ನಿಂತಿತು. "ಉರೀತದಾ ಮಗಾ?"

"ಇಲ್ಲ ಅತ್ತೆ."

ನಂಬಲಿಲ್ಲ! ಊರನ್ನೆಲ್ಲ ನಂಬುವವಳು ನನ್ನನ್ನು ನಂಬಲಿಲ್ಲ. ದಡಬಡ ಎದ್ದು ಒಳಗೆ ಓಡಿ ಚೊಂಬಿನಲ್ಲಿ ನೀರು ತಂದಳು. ಎಲ್ಲರೂ ನಗುತ್ತಿದ್ದರು, ಬೀಗಿತ್ತಿ ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ಬೇಡ ಬೇಡ ಅನ್ನುತ್ತಿದ್ದೆ. ಅವಳು ಯಾರ ಮಾತೂ ಕೇಳದೆ, ತಾನೇ ಹಚ್ಚಿದ ಅರಿಶಿನವನ್ನು ಒದ್ದೆ ಸೆರಗಿನಿಂದ ಒರೆಸುತ್ತ, ಗಾಬರಿಯಿಂದ ಅದನ್ನೇ ಹೇಳುತ್ತಿದ್ದಳು, "ಎಲ್ಡು ದಿನ ಇಟ್ಟು ನೋಡಿದ್ನಲ್ಲಾ ಮಗಾ, ನನ್ಗೇನೂ ಆಗ್ನಿಲ್ವಲ್ಲಾ... ನನ್ಗೇನೂ ಆಗ್ನಿಲ್ವಲ್ಲಾ..."